ತೈಲದ ಹಡಗಿಗೆ ಒಂದು ಕವಡೆ

ನಮ್ಮ ಮನೆಗೆ ಆ ಯುದ್ಧ ಬಂದದ್ದು ಗ್ಯಾಸ್ ಸಿಲಿಂಡರಿನ ಮೂಲಕ. ಅಂದರೆ ಸಿಲಿಂಡರ್ ಬಾರದೇ ಹೋದದ್ದರ ಮೂಲಕ. ಬುಕ್ ಮಾಡಿ ಬಹಳ ದಿನವಾಗಿತ್ತು. ಏಜೆನ್ಸಿಗೆ ಫೋನ್ ಮಾಡಿ ವಿಚಾರಿಸಿದರೆ, ಆ ಕಡೆಯ ಹುಡುಗಿ ಅಲ್ಲಿ ಹಡಗೇ ನಿಂತುಹೋಗಿದೆ ಎಂದಳು. ಅವಳ ಕಚೇರಿಯ ಹಿಂದಿನ ಗಲ್ಲಿಯಲ್ಲೇ ಹಡಗೊಂದು ಪಂಕ್ಚರ್ ಆಗಿ ನಿಂತಿದೆಯೇನೋ ಎನ್ನುವ ಧಾಟಿ ಅದು. ನಾನು ಥ್ಯಾಂಕ್ಯೂ ಎಂದು ಫೋನ್ ಇಟ್ಟು, ಇಂಡಕ್ಷನ್ ಒಲೆಯ ಮೇಲೆ ಉಪ್ಪಿಟ್ಟು ಕೆದಕಲು ಹೋದೆ. ಇಂಡಕ್ಷನ್ನಿನ ಮೇಲೆ ಉಪ್ಪಿಟ್ಟು ಮಾಡಿದವರಿಗೆ ಗೊತ್ತು, ಅದಕ್ಕೆ ನಡುಮಧ್ಯದ ದಾರಿ ತಿಳಿಯದು. ಒಂದೋ ಹಸಿ, ಇಲ್ಲವೋ ಸೀದದ್ದು.

ಹಡಗು ಯಾಕೆ ನಿಂತಿದೆ ಎನ್ನುವುದನ್ನು ವಿವರಿಸಲು ಹಜಾರದಲ್ಲಿ ಅತ್ತಿಗೆ ಇದ್ದರು. ಅವರು ನನ್ನ ಗಂಡನ ಅಕ್ಕ, ಎಂಬತ್ತು ದಾಟಿದವರು. ನನ್ನ ಗಂಡ ಹೋದ ಮೇಲೆ ಕುಂಬಾರಕೊಪ್ಪಲಿನ ಈ ಮನೆಯಲ್ಲಿ ನಾವಿಬ್ಬರೇ ಪಾರ್ಲಿಮೆಂಟು: ಅವರು ಟ್ರೆಷರಿ ಬೆಂಚು, ನಾನು ಅಪೊಸಿಷನ್. ಬೆಳಗಿನ ಕಾಫಿಯಿಂದ ಟಿವಿಯ ಮುಂದೆ ಕೂತು ಅವರು ಇಡೀ ಪಶ್ಚಿಮ ಏಷ್ಯಾವನ್ನು ಕೈಯಲ್ಲಿ ಹಿಡಿದಿರುತ್ತಿದ್ದರು. ಅಣುಬಾಂಬು ಮಾಡಿಬಿಡುತ್ತಾರೆ ಎಂಬ ಅನುಮಾನದ ಮೇಲೆ ಇರಾನಿನ ಮೇಲೆ ವಿಮಾನಗಳು ದಾಳಿ ಮಾಡಿವೆ. ಇರಾನಿನವರು ತಿರುಗಿ ಕ್ಷಿಪಣಿ ಬಿಟ್ಟಿದ್ದಾರೆ. ಕೊಲ್ಲಿಯ ಎಣ್ಣೆಯೆಲ್ಲ ಹೊರಗೆ ಬರಬೇಕಾದ ಹೊರ್ಮುಜ್ ಎಂಬ ಇಕ್ಕಟ್ಟಾದ ಜಲಸಂಧಿಯಲ್ಲಿ ಹಡಗುಗಳಿಗೆ ಜೀವಭಯ. ಆದ್ದರಿಂದ ನಮ್ಮ ಉಪ್ಪಿಟ್ಟು ಸೀದಿದೆ. ಇಷ್ಟನ್ನೂ ಅವರು ಒಂದೇ ಉಸಿರಿಗೆ ಹೇಳಿ, ಕೊನೆಗೆ ತಮ್ಮ ತೀರ್ಪು ಕೊಡುತ್ತಿದ್ದರು. ಒಂದು ಸಲ ಸರಿಯಾಗಿ ಬಾಂಬು ಹಾಕಿ ಮುಗಿಸಿಬಿಡಬೇಕು, ಹಲ್ಲು ನೋವಿಗೆ ಕಿತ್ತುಹಾಕುವುದೇ ಮದ್ದು, ಅಂತ. ಅತ್ತಿಗೆಯ ಬಾಯಲ್ಲಿ ಈಗ ಒಂದೂ ಸ್ವಂತ ಹಲ್ಲಿಲ್ಲ ಎಂಬುದನ್ನು ನಾನು ನೆನಪಿಸಲಿಲ್ಲ.

ನನಗೆ ಈ ವಿಷಯದಲ್ಲಿ ಒಂದು ಹಳೆಯ ವೈಯಕ್ತಿಕ ಆಸಕ್ತಿಯಿದೆ. ನಾನು ಕಾನ್ವೆಂಟಿನಲ್ಲಿ ಓದುತ್ತಿದ್ದಾಗ ಶನಿವಾರ ಬೆಳಿಗ್ಗೆ ಡಿಬೇಟ್ ಇರುತ್ತಿತ್ತು. ಐರ್ಲೆಂಡಿನಿಂದ ಬಂದಿದ್ದ ಒಬ್ಬ ಸಿಸ್ಟರ್ ಅದನ್ನು ನಡೆಸುತ್ತಿದ್ದರು. ಪಾಕಿಸ್ತಾನದೊಂದಿಗೆ ಯುದ್ಧ ನಡೆದು, ಬ್ಲಾಕ್‌ಔಟಿಗೆಂದು ನಾವೇ ಕಿಟಕಿಗಳಿಗೆ ಅಂಟಿಸಿದ ಕಪ್ಪು ಕಾಗದವನ್ನು ಇನ್ನೂ ಪೂರ್ತಿ ಕೆರೆದು ತೆಗೆದಿರದ ದಿನಗಳವು. ಅಂತರ್‌ಶಾಲಾ ಸ್ಪರ್ಧೆಗೆ ವಿಷಯ ಕೊಟ್ಟರು: ಅಣುಬಾಂಬು ಯುದ್ಧವನ್ನು ಅಸಾಧ್ಯವಾಗಿಸಿದೆ. ಪರವಾಗಿ ಮಾತಾಡುವುದು ನನ್ನ ಪಾಲಿಗೆ ಬಂತು. ಎರಡು ಜಡೆ, ಬಿಳಿ ಕ್ಯಾನ್ವಾಸ್ ಶೂ, ಏನು ಇಂಗ್ಲಿಷು, ಏನು ಕೈಯಾಡಿಸುವಿಕೆ. ಬೆಳ್ಳಿಯ ಬಣ್ಣದ ಒಂದು ಕಪ್ ಗೆದ್ದುಬಂದೆ. ಅಂದು ನಾನು ಹೇಳಿದ್ದು ನಿಜವಾಗಲಿ ಎಂದು ಕಾಯುತ್ತ ಅರವತ್ತು ವರ್ಷ ಕಳೆದಿದ್ದೇನೆ.

ಆ ಬೆಳ್ಳಿ ಬಣ್ಣದ ಕಪ್‌ಗಿಂತ ಹೆಚ್ಚಾಗಿ ನನಗೆ ಉಳಿದದ್ದು ಸಿಸ್ಟರ್ ಇಟ್ಟಿದ್ದ ಒಂದು ಕಟ್ಟಳೆ. ಬೇರೆ ಯಾವ ಶಾಲೆಯಲ್ಲೂ ಅದು ಇರಲಿಲ್ಲ. ಎದುರಾಳಿಯ ಮಾತನ್ನು ಖಂಡಿಸುವ ಮೊದಲು, ಆ ಮಾತು ಏನೆಂದು ನೀನೇ ಹೇಳಬೇಕು, ಅವಳಿಗಿಂತ ಚೆನ್ನಾಗಿ ಹೇಳಬೇಕು. ಅವಳು ಕೇಳಿ, ಹೌದು ನಾನು ಅಂದದ್ದು ಇದೇ ಎನಿಸಿದರೆ ಎದ್ದು ನಿಂತು 'ಗ್ರಾಂಟೆಡ್' ಎನ್ನಬೇಕು. ಅವಳು ಗ್ರಾಂಟೆಡ್ ಅನ್ನುವ ತನಕ ನಿನ್ನ ವಾದ ಶುರುವಾಗಕೂಡದು. ಜಂಭದ ಹುಡುಗಿಯರು ಕೆಲವರು ಹಟಕ್ಕೆ ಬಿದ್ದು ಗ್ರಾಂಟೆಡ್ ಅನ್ನದೆ ಬೆಲ್ ಹೊಡೆಯುವವರೆಗೂ ಕೂರುತ್ತಿದ್ದರು. ಸಿಸ್ಟರ್ ನಗುತ್ತ, ಸೋಮವಾರ ಮುಂದುವರಿಸೋಣ ಎನ್ನುತ್ತಿದ್ದರು.

ಆಮೇಲೆ ಮದುವೆ. ರೈಲ್ವೆ ವರ್ಕ್‌ಷಾಪಿನಲ್ಲಿ ಕೆಲಸದಲ್ಲಿದ್ದ ನನ್ನ ಗಂಡ ಒಳ್ಳೆಯ ಮನುಷ್ಯ. ಆದರೆ ವಾದಕ್ಕೆ ಒದಗುವವರಲ್ಲ. ಏನು ಹೇಳಿದರೂ 'ಅದೂ ಸರಿಯೇ' ಎನ್ನುತ್ತಿದ್ದರು. ಅಷ್ಟು ಟ್ರೇನಿಂಗ್ ಆದ ಗಂಟಲನ್ನು ನಾನು ನಲವತ್ತು ವರ್ಷ ಹಾಲಿನವನ ಹತ್ತಿರ, ಸೊಪ್ಪಿನವಳ ಹತ್ತಿರ, ಟೆಲಿಫೋನ್ ಎಕ್ಸ್‌ಚೇಂಜಿನವರ ಹತ್ತಿರ ಖರ್ಚು ಮಾಡಿದೆ. ದೂರುತ್ತಿಲ್ಲ. ಕೆಲವು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಕನ್ನಡಿಯ ಮುಂದೆ ನಿಂತು 'ಮೇಡಂ ಚೇರ್‌ಪರ್ಸನ್' ಎಂದು ಶುರುಮಾಡಿದ್ದುಂಟು, ಅಷ್ಟೆ.

ಅವರು ತೀರಿಹೋದ ಮೇಲೆ ಮಧ್ಯಾಹ್ನಗಳು ಬಹಳ ಉದ್ದವಾದವು. ಭಜನಾ ಮಂಡಳಿಗೆ ಕರೆದರು, ನನ್ನ ಕಂಠ ಕೇಳಿ ಅವರೇ ಬೇಡವೆಂದರು. ಕಿಟ್ಟಿ ಪಾರ್ಟಿಗೆ ನಾನು ಬೇಡವೆಂದೆ. ಹಾಗೆ ಹುಟ್ಟಿದ್ದು ನಮ್ಮ ಗುರುವಾರದ ಕೂಟ. ನಮ್ಮ ಹಜಾರದಲ್ಲಿ ಬೀದಿಯ ಏಳೆಂಟು ಹೆಂಗಸರು ಸೇರುವುದು, ಒಂದು ಮೋಷನ್, ಅಂದರೆ ಚರ್ಚೆಯ ವಿಷಯ, ಇಟ್ಟು ವಾದಿಸುವುದು, ಕಾಫಿ ಕುಡಿದು ಹೋಗುವುದು. ಪರವೋ ವಿರೋಧವೋ ನಾವು ಆರಿಸುವಂತಿಲ್ಲ. ಅತ್ತಿಗೆಯ ಚೌಕಾಬಾರದ ಕವಡೆ ಆರಿಸುತ್ತದೆ. ಬಾಯಿ ಮೇಲಾಗಿ ಬಿದ್ದರೆ ಪರ, ಬೋರಲು ಬಿದ್ದರೆ ವಿರೋಧ. ಮದುವೆಮನೆಯಲ್ಲಿ ಬಫೆ ಊಟ ಬೇಕೆ, ಬೆಟ್ಟಕ್ಕೆ ರೋಪ್‌ವೇ ಬೇಕೆ, ಸೊಸೆ ಅತ್ತೆಯನ್ನು ಆಂಟಿ ಅನ್ನಬಹುದೆ, ಇಂಥವೆಲ್ಲ ಆಗಿಹೋದವು. ಸಿಸ್ಟರಿನ ಕಟ್ಟಳೆಯನ್ನೂ ಕೂಟಕ್ಕೆ ತಂದೆ. ಇಂಗ್ಲಿಷಿನ ಒಂದಕ್ಷರ ಬಾರದವರೂ ಈಗ ನಮ್ಮ ಬೀದಿಯಲ್ಲಿ 'ಗ್ರಾಂಟೆಡ್' ಎನ್ನುತ್ತಾರೆ. ಸೊಪ್ಪಿನವಳೊಡನೆ ಚೌಕಾಸಿ ಮಾಡುವಾಗಲೂ ಅದು ಬಾಯಿಗೆ ಬರುವುದನ್ನು ಕೇಳಿದ್ದೇನೆ.

ಆ ಕೂಟಕ್ಕೆ ನಮ್ಮ ಬೀದಿ ಮೂಲೆಯ ಟೈಲರ್ ಸೇರಿದ್ದು ಆಕಸ್ಮಿಕ. ಅತ್ತಿಗೆಯ ರವಿಕೆ ಕೊಡಲು ಒಂದು ಗುರುವಾರ ಬಂದವಳು ಬಾಗಿಲಲ್ಲೇ ನಿಂತು ಬಫೆ ಊಟದ ಚರ್ಚೆ ಕೇಳಿ, ತಡೆಯಲಾರದೆ ಅಲ್ಲಿಂದಲೇ ವಾದಿಸಿದಳು. ಚಪ್ಪಲಿ ಬಿಟ್ಟು ಒಳಗೆ ಬಾ ಎಂದರು ಅತ್ತಿಗೆ. ಅಂದಿನಿಂದ ಅವಳೂ ಮೆಂಬರ್. ಇಲವಾಲದ ಬೇಸಾಯದ ಮನೆಯಲ್ಲಿ ಹುಟ್ಟಿದವಳು. ಗಂಡ ಆಟೊ ಓಡಿಸುತ್ತಾನೆ. ಅವಳ ಮಾತು ಅವಳ ಕತ್ತರಿಯಂತೆ, ಗೆರೆ ಎಳೆದಲ್ಲಿಗೆ ನೇರ ಹೋಗುತ್ತದೆ. ಅವರಿಗೆ ಒಬ್ಬಳೇ ಮಗಳು. ಆ ಹುಡುಗಿ ಪಿಯುಸಿ ಆದ ಮೇಲೆ ಹಡಗಿನ ಓದು ಓದುತ್ತೇನೆ ಎಂದಾಗ ಇಲವಾಲದಲ್ಲಿ ಸೋದರಮಾವಂದಿರು ಬೇಡವೆಂದರು, ಅಜ್ಜಿ ಊಟ ಬಿಟ್ಟಳು, ತಂದೆ ಮೌನವಾದ. ಹೂಂ ಅಂದವಳು ತಾಯಿಯೊಬ್ಬಳೇ. ಹುಡುಗಿ ಚೆನ್ನೈಯಲ್ಲಿ ಓದಿ, ಈಗ ಎಣ್ಣೆ ಸಾಗಿಸುವ ಟ್ಯಾಂಕರ್ ಹಡಗಿನಲ್ಲಿ ಥರ್ಡ್ ಆಫೀಸರ್. ಹಡಗಿನಲ್ಲಿ ತೊಡುವ ಬಾಯ್ಲರ್ ಸೂಟುಗಳು ಗಂಡಸರ ಅಳತೆಯಲ್ಲೇ ಬರುವುದರಿಂದ, ರಜೆಗೆ ಬಂದಾಗ ತಾಯಿ ಅವನ್ನು ಬಿಚ್ಚಿ ಭುಜ ಕಿರಿದು ಮಾಡಿ ಹೊಲಿದುಕೊಡುತ್ತಾಳೆ. ಮರ್ಚೆಂಟ್ ನೇವಿ ಎಂಬುದನ್ನು ಅತ್ತಿಗೆ ಯುದ್ಧನೌಕೆ ಎಂದೇ ತಿಳಿದಿದ್ದರು. ಎಷ್ಟು ಫಿರಂಗಿ ಇದೆಯೇ ನಿನ್ನ ಮಗಳ ಹಡಗಿನಲ್ಲಿ ಎಂದು ಕೇಳಿದಾಗ ಅವಳು, ಬೆಂಕಿಕಡ್ಡಿ ಗೀರೋಕೂ ಬುಡಲ್ವಂತೆ ದೊಡ್ಡಮ್ಮ ಎಂದಿದ್ದಳು.

ಆ ಗುರುವಾರ ನಾನಿಟ್ಟ ಮೋಷನ್: ಯುದ್ಧವಿದ್ದರೂ ತೈಲದ ಹಡಗುಗಳು ಓಡಲೇಬೇಕು. ಹುಡುಗಿಯ ಹಡಗು ಸಿಂಗಾಪುರದ ಕಡೆ ಇದೆ ಎಂದು ಅವಳ ತಾಯಿ ಹಿಂದಿನ ತಿಂಗಳು ಹೇಳಿದ್ದಳು. ಹಡಗುಗಳು ನಿಂತಲ್ಲಿ ನಿಲ್ಲುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಅವಳು ಅಂದು ತಡವಾಗಿ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಮೋಷನ್ ಓದಿದ್ದನ್ನು ಕೇಳಿ, ಮಗಳ ಹಡಗು ಈಗ ಆ ಜಲಸಂಧಿಯ ಬಾಗಿಲಲ್ಲೇ ಲಂಗರು ಹಾಕಿ ನಿಂತಿದೆ ಎಂದಳು. ಖಾಲಿ ಹಡಗು, ಒಳಗೆ ಹೋಗಿ ಎಣ್ಣೆ ತುಂಬಿಕೊಂಡು ಬರಬೇಕು. ಕ್ಯಾಪ್ಟನ್ ಎಲ್ಲರನ್ನೂ ಕರೆದು ಹೇಳಿದ್ದಾನೆ: ಒಳಗೆ ಬರಲು ಮನಸ್ಸಿಲ್ಲದವರು ಬೇಡ ಅನ್ನಬಹುದು, ಅದು ಅವರ ಹಕ್ಕು, ಅವರನ್ನು ಇಳಿಸಿ ಮನೆಗೆ ಕಳಿಸುತ್ತೇವೆ. ಶುಕ್ರವಾರ ಸಂಜೆಯೊಳಗೆ ಒಬ್ಬೊಬ್ಬರೂ ಹೌದೋ ಅಲ್ಲವೋ ಹೇಳಬೇಕು. ಮಗಳು ಹೌದು ಅನ್ನುವುದಾಗಿ ನಿರ್ಧರಿಸಿದ್ದಾಳೆ.

'ಒಳಕ್ಕೆ ಓದ್ರೆ ನನ್ನ ಅಮ್ಮ ಅನ್ಬೇಡ ಅಂದ್ಬುಟ್ಟೆ ಮೇಡಂ,' ಎಂದಳು. 'ಮೊನ್ನೆಯಿಂದ ಫೋನ್ ಬಡ್ಕೊತಾ ಅದೆ. ನಾನ್ ಎತ್ತಿಲ್ಲ.'

ನಾನು ಚೇರ್‌ಪರ್ಸನ್ ಎಂಬ ಅಧಿಕಾರದಿಂದ ಮೋಷನ್ ವಾಪಸು ತೆಗೆದುಕೊಳ್ಳುತ್ತೇನೆ, ಇನ್ನೊಮ್ಮೆ ಬಫೆಯನ್ನೇ ಇಟ್ಟುಕೊಳ್ಳೋಣ ಎಂದೆ. ಕಡೇಪಕ್ಷ ನೀನು ಇವತ್ತು ಬರೀ ಕೇಳುವವಳಾಗಿರು ಎಂದೆ. ಅವಳು ತಲೆಯಾಡಿಸಿದಳು. ಮನೆಯಲ್ಲಿ ಕೂತರೂ ಇದೇ ಯೋಚನೆ, ಇಲ್ಲಾದರೂ ನಾಲ್ಕು ಜನರ ಮಾತು ಕಿವಿಗೆ ಬೀಳುತ್ತದೆ. ಕವಡೆ ಎಲ್ಲರಿಗೂ ಹಾಕಿದಂತೆ ತನಗೂ ಹಾಕಿ ಎಂದಳು.

ಕವಡೆ ಹಾಕಿದೆವು. ಅತ್ತಿಗೆಗೆ ಬೋರಲು ಬಿತ್ತು: ಹಡಗು ಓಡಬಾರದು. ಇಡೀ ವಾರ ಬಾಂಬು ಹಾಕಿಸುತ್ತಿದ್ದವರು ಈಗ ಶಾಂತಿಯ ಪಕ್ಷ. ಈ ಕವಡೆಗೂ ಬುದ್ಧಿಯಿಲ್ಲ ಎಂದು ಗೊಣಗಿದರು. ಟೈಲರಿಗೆ ಬಾಯಿ ಮೇಲಾಗಿ ಬಿತ್ತು. ಹಡಗು ಓಡಲೇಬೇಕು ಎಂದು ಅವಳು ವಾದಿಸಬೇಕು.

ಅವಳ ಕಡೆಯಿಂದ ಮೊದಲು ಎದ್ದವರು ಮಂಡಿ ಮೊಹಲ್ಲಾದಲ್ಲಿ ಖರ್ಜೂರ, ಬಾದಾಮಿಯ ಸಗಟು ಅಂಗಡಿ ಇರುವವರ ಮನೆಯಾಕೆ. ಪ್ರತಿ ವಾರ ಒಂದು ಪೊಟ್ಟಣ ಖರ್ಜೂರ ತರುತ್ತಿದ್ದವರು ಅಂದು ಬರಿಗೈಲಿ ಬಂದಿದ್ದರು. ಅವರ ಸರಕೂ ಯಾವುದೋ ಬಂದರಿನಲ್ಲಿ ಬಿದ್ದಿತ್ತು. ಹಡಗು ನಿಂತರೆ ನಿಲ್ಲುವುದು ದೊಡ್ಡವರ ಕಾರಲ್ಲ ಕಣ್ರೀ, ನಮ್ಮ ಒಲೆ, ರೈತರ ಗೊಬ್ಬರ, ಆಸ್ಪತ್ರೆಯ ಜನರೇಟರು ಎಂದು ಲಕ್ಷಣವಾಗಿ ಹೇಳಿದರು. ಬೇಕಾದರೆ ಯುದ್ಧನೌಕೆಗಳು ಎರಡೂ ಪಕ್ಕ ಕಾವಲು ಬರಲಿ, ಮದುವೆ ದಿಬ್ಬಣದ ಹಾಗೆ, ಎಂದರು. ಅತ್ತಿಗೆ ಎದ್ದು ಅದನ್ನು ತಿರುಗಿ ಹೇಳಿ ಗ್ರಾಂಟೆಡ್ ಗಿಟ್ಟಿಸಿಕೊಂಡು, ಕಾವಲು ಇದ್ದರೆ ಹೊಡೆಯುವವನಿಗೆ ಗುರಿ ದೊಡ್ಡದಾಗುತ್ತದೆ ಅಷ್ಟೆ ಎಂದರು. ಮಾತು ಅಲ್ಲಿಂದ ಅಣುಬಾಂಬಿಗೆ ಹೋಯಿತು. ಬಾಂಬು ಮಾಡುತ್ತಾನೆಂದು ಬಾಂಬು ಹಾಕಿದರೆ, ಹಾಕಿಸಿಕೊಂಡವನಿಗೆ ಬಾಂಬಿನ ಆಸೆ ಹೆಚ್ಚುತ್ತದೋ ಕಮ್ಮಿಯಾಗುತ್ತದೋ? ಪಕ್ಕದ ಮನೆಯವರು ದೊಣ್ಣೆ ಇಟ್ಟುಕೊಂಡರೆಂದು ನಾವು ಇಟ್ಟುಕೊಂಡ ದೊಣ್ಣೆಗೆ ಏನನ್ನಬೇಕು? ಅತ್ತಿಗೆ, ಅದೇ ಅತ್ತಿಗೆ, ಹೊಡೆತದಿಂದ ಯಾರ ಮನಸ್ಸೂ ಬದಲಾದದ್ದನ್ನು ತಾವು ಕಂಡಿಲ್ಲ, ತಮ್ಮ ತಂದೆ ಬೆತ್ತದಲ್ಲಿ ಹೊಡೆದು ಹೊಡೆದು ತಮಗೆ ಮಗ್ಗಿ ಇಂದಿಗೂ ಬರುವುದಿಲ್ಲ ಎಂದು ಹೇಳಿ ಕೂತರು. ಹೇಳಿದ ಮೇಲೆ ತಾವು ಹೇಳಿದ್ದಕ್ಕೆ ತಾವೇ ಸ್ವಲ್ಪ ಬೆರಗಾದಂತೆ ಕಂಡಿತು. ಚೇರ್‌ಪರ್ಸನ್ ಮಾತಾಡುವಂತಿಲ್ಲ, ನನ್ನ ನಾಲಿಗೆ ಅಂದು ತುರಿಸಿದಷ್ಟು ಎಂದೂ ತುರಿಸಿರಲಿಲ್ಲ.

ಕೊನೆಗೆ ಟೈಲರ್ ಎದ್ದಳು. ಕಟ್ಟಳೆಯಂತೆ ಮೊದಲು ಎದುರು ಪಕ್ಷದ ಮಾತು. ಅದು ಅವಳದೇ ಮಾತಾಗಿತ್ತಲ್ಲ, ಸುಲಭವಾಗಿ ಬಂತು. ಯಾರೋ ದೊಡ್ಡವರ ಜಗಳ, ಸಾಯುವವರು ಸಂಬಳಕ್ಕೆ ದುಡಿಯುವವರು, ಒಂದು ತಿಂಗಳು ಸೌದೆ ಒಲೆ ಹಚ್ಚಿದರೆ ಯಾರ ಕೈಯೂ ಬಿದ್ದುಹೋಗುವುದಿಲ್ಲ. ಅತ್ತಿಗೆ ಮೆಲ್ಲಗೆ ಗ್ರಾಂಟೆಡ್ ಎಂದರು.

ಈಗ ಅವಳು ಹಡಗಿನ ಪರವಾಗಿ ಮಾತಾಡಬೇಕು. ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ನಾನು ಮಾತಿನ ಹೊತ್ತು ಮುಗಿಯಿತೆಂದು ಹೊಡೆಯುವ ಬೆಲ್ಲಿನ ಮೇಲೆ ಕೈಯಿಟ್ಟೆ, ಹೊಡೆದು ಮುಗಿಸಿಬಿಡೋಣವೆಂದು.

'ನನ್ ಮಗಳು ಇಳುದ್ರೆ ಹಡಗೇನು ನಿಲ್ಲಕಿಲ್ಲ,' ಎಂದಳು. 'ಅವಳ ಜಾಗಕ್ಕೆ ಇನ್ಯಾರ್ದೋ ಮನೆ ಮಗ ಅತ್ತುತಾನೆ. ಅವನ್ಗೂ ಒಬ್ಳು ಅವ್ವ ಇರ್ತಾಳೆ. ನಮ್ಮನೆ ಒಲೆ ಉರೀಬೇಕು, ಗ್ಯಾಸ್ ತರಕ್ಕೆ ಮಾತ್ರ ಅವಳ ಮಗ ಓಗ್ಲಿ ಅಂದ್ರೆ ಎಂಗೆ? ಇದ್ನೇ ಅವ್ಳು ಫೋನಲ್ಲಿ ಏಳ್ತಿದ್ದಿದ್ದು. ನಾನು ಅಳದ್ರಲ್ಲೇ ಇದ್ದೆ, ಕೇಳಿಸ್ಕೊಳ್ಳಿಲ್ಲ.'

ಕೂತುಬಿಟ್ಟಳು. ಉತ್ತರ ಕೊಡಬೇಕಾದ ಅತ್ತಿಗೆ, ನನ್ನದೇನೂ ಇಲ್ಲಮ್ಮ, ಕಾಫಿ ತನ್ನಿ ಎಂದರು.

ಮರುದಿನ ಶುಕ್ರವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳು ಮತ್ತೆ ಬಂದಳು, ಅಂಗಡಿಯ ಷಟರ್ ಅರ್ಧ ಎಳೆದು. ಮಗಳಿಗೆ ಈಗ ಫೋನ್ ಮಾಡುತ್ತೇನೆ, ನೀವು ಪಕ್ಕದಲ್ಲಿರಬೇಕು ಎಂದಳು. ತಾಯಿ ಮಗಳ ಮಾತಿನ ನಡುವೆ ನಾನೇಕೆ ಎಂದದ್ದಕ್ಕೆ ಅವಳ ಉತ್ತರ: 'ನಾವಿಬ್ರೇ ಮಾತಾಡುದ್ರೆ ಜಗಳ ಆಯ್ತದೆ ಮೇಡಂ. ಮಧ್ಯ ಒಬ್ರು ಬೆಲ್ ಒಡಿಯೋರು ಬೇಕು.'

ಊಟದ ಮೇಜಿನ ಮೇಲೆ ಫೋನನ್ನು ಉಪ್ಪಿನ ಭರಣಿಗೆ ಒರಗಿಸಿ ಸ್ಪೀಕರ್ ಹಾಕಿದಳು. ವಿಡಿಯೊ ಬರಲಿಲ್ಲ, ಧ್ವನಿ ಮಾತ್ರ, ಹಿಂದೆ ಏನೋ ಯಂತ್ರದ ಗುಂಯ್ ಎನ್ನುವ ಸದ್ದು. ಅಮ್ಮ ಫೋನ್ ಮಾಡಿದಳೆಂದು ಹುಡುಗಿಗೆ ಮೊದಲು ಗಾಬರಿಯಾಯಿತು, ಅಪ್ಪನಿಗೇನಾದರೂ ಆಯಿತೇ ಎಂದಳು. ಅವನಿಗೇನಾಗುತ್ತೆ, ತಿಂಡಿ ತಿಂದು ಸ್ಟ್ಯಾಂಡಿಗೆ ಹೋದ ಎಂದಳು ತಾಯಿ. ನಾನು ಗಂಟಲು ಸರಿಮಾಡಿಕೊಂಡು, ಕೂಟದ ಕಟ್ಟಳೆ ಏನೆಂದು ಹುಡುಗಿಗೆ ವಿವರಿಸಿದೆ. ಅವಳು ನಕ್ಕಳು. ಗೊತ್ತು ಆಂಟಿ, ಪ್ರತಿ ಗುರುವಾರ ರಾತ್ರಿ ಅಮ್ಮ ಅದೇ ಹೇಳುತ್ತಿರುತ್ತಾಳೆ ಎಂದಳು.

ತಾಯಿ ಮೊದಲು ಮಗಳ ಪಕ್ಷ ಹೇಳಿದಳು. ಹಿಂದಿನ ದಿನ ಹೇಳಿದ್ದನ್ನೇ ಹೇಳಿ, ಇನ್ನಷ್ಟು ಸೇರಿಸಿದಳು. ಅಷ್ಟು ಜನರಲ್ಲಿ ನೀನೊಬ್ಬಳೇ ಹೆಣ್ಣು. ನೀನು ಇಳಿದರೆ ನೋಡಿ, ಹೆಂಗಸು, ಹೆದರಿ ಓಡಿದಳು ಅನ್ನುತ್ತಾರೆ. ನಿನ್ನ ಹಿಂದೆ ಬರುವ ಹುಡುಗಿಯರಿಗೂ ಅದೇ ಮಾತು ಅಂಟುತ್ತದೆ. ಅದಕ್ಕೇ ನಿನಗೆ ಇಳಿಯುವುದಕ್ಕೆ ಆಗುತ್ತಿಲ್ಲ. ಸರಿಯಾ?

ಹುಡುಗಿ, ಇದನ್ನು ನಾನು ನಿನಗೆ ಹೇಳಿಯೇ ಇರಲಿಲ್ಲವಲ್ಲ ಅಮ್ಮ ಎಂದಳು. ಹೇಳಬೇಕೇ, ನಾನೂ ಹೆಣ್ಣೇ ಅಲ್ಲವೇ ಎಂದಳು ತಾಯಿ. 'ಗ್ರಾಂಟೆಡ್,' ಎಂದಿತು ಫೋನು.

ಈಗ ಮಗಳ ಸರದಿ. ಅಮ್ಮನ ಪಕ್ಷವನ್ನು ಅವಳು ಹೇಳಬೇಕು. ಅಮ್ಮನಿಗೆ ಭಯ, ಎಲ್ಲ ಅಮ್ಮಂದಿರ ಹಾಗೆ, ಎಂದು ಶುರುಮಾಡಿದಳು. ತಾಯಿ ಇಲ್ಲ ಎಂದಳು. ಟಿವಿ ನೋಡಿ ಹೆದರಿದ್ದೀಯ ಎಂದಳು. ಇಲ್ಲ. ಒಬ್ಬಳೇ ಮಗಳು ಅಂತ. ಅದೂ ಅಲ್ಲ. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅತ್ತಿಗೆ ಒಳಗೆ ಬರಲೂ ಇಲ್ಲ, ಹೊರಗೆ ಹೋಗಲೂ ಇಲ್ಲ.

ಹುಡುಗಿ ಮತ್ತೆ ಮೊದಲಿನಿಂದ ಶುರುಮಾಡಿದಳು.

'ಅವತ್ತು ಮನೇಲಿ ಎಲ್ಲಾರೂ ಬೇಡ ಅಂದ್ರು. ನೀನೊಬ್ಳೇ ಹೂಂ ಅಂದೆ,' ಎಂದಳು. 'ಈಗ ನಂಗೇನಾದ್ರೂ ಆದ್ರೆ ಎಲ್ಲಾರೂ ಸೇರಿ ನಿನ್ನೇ ಕೇಳ್ತಾರೆ. ಅವರು ಕೇಳ್ದಿದ್ರೂ ನೀನೇ ನಿನ್ನ ಕೇಳ್ಕೊತೀಯ, ಸಾಯೋ ತನಕ. ಆ ಹೂಂ ಅನ್ನೋದು ನಿನ್ ತಲೆ ಮೇಲೆ ಕೂತದೆ. ಅಷ್ಟೇ ಅಲ್ವಾ ಅಮ್ಮ?'

ಟೈಲರ್ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳಿಂದ ಗ್ರಾಂಟೆಡ್ ಎಂಬ ಮಾತು ಹೊರಡಲಿಲ್ಲ. ಕೈಯೆತ್ತಿ ನನಗೆ ಸನ್ನೆ ಮಾಡಿದಳು. ಅವಳ ಪರವಾಗಿ ನಾನೇ ಅದನ್ನು ಫೋನಿಗೆ ಹೇಳಿದೆ. ನನ್ನ ಕಾನ್ವೆಂಟ್ ಉಚ್ಚಾರಣೆ ಅಷ್ಟು ಕೆಟ್ಟಿದ್ದು ಅದೇ ಮೊದಲು.

ಇದಾದ ಮೇಲೆ ವಾದ ಶುರುವಾಗಬೇಕಿತ್ತು. ಆದರೆ ಆದದ್ದೇ ಬೇರೆ. ಹುಡುಗಿ, ಸರಿ ಅಮ್ಮ, ಹಾಗಾದರೆ ನಾನು ಇಳಿದುಬಿಡುತ್ತೇನೆ, ಸಂಜೆ ಹೇಳುತ್ತೇನೆ ಎಂದಳು. ತಾಯಿ ತಟ್ಟನೆ ತಲೆಯೆತ್ತಿ, ಯಾರು ಇಳಿ ಅಂದರು ನಿನಗೆ, ನನ್ನ ತಲೆಯ ಭಾರಕ್ಕೆ ನೀನು ಇಳಿಯುತ್ತೀಯಾ, ನಾಳೆ ಆ ಗಂಡಸರು ಏನನ್ನುತ್ತಾರೆ ಎಂದಳು. ಹುಡುಗಿ ಯಾರು ಏನಾದರೂ ಅಂದುಕೊಳ್ಳಲಿ ಎಂದಳು. ತಾಯಿ ಅಂದುಕೊಳ್ಳುವುದಕ್ಕೆ ಬಿಡಬಾರದು ಎಂದಳು. ಧ್ವನಿಗಳು ಏರಿದವು. ಇನ್ನೇನು ಹೊಸದಾಗಿ, ತಲೆಕೆಳಗಾಗಿ, ಅದೇ ಜಗಳ.

'ನಡೀರೇ, ಇಬ್ಬರೂ ಪಕ್ಷಾಂತರ ಮಾಡಿದ್ರಿ,' ಎಂದರು ಅತ್ತಿಗೆ ಬಾಗಿಲಿಂದ. 'ಇನ್ನು ರೆಸಾರ್ಟಿಗೆ ಹೋಗೋದೊಂದು ಬಾಕಿ.'

ತಾಯಿ ಅಳುತ್ತಲೇ ನಕ್ಕಳು. ಫೋನಿನೊಳಗೂ ನಗು. ಆ ನಗುವಿನ ಮಧ್ಯದಲ್ಲಿಯೇ ಹುಡುಗಿ ಹೇಳಿದಳು, ಬಹಳ ಸಣ್ಣ ಧ್ವನಿಯಲ್ಲಿ, ತನಗೆ ಭಯವಾಗುತ್ತಿದೆ ಎಂದು. ಇಷ್ಟು ದಿನ ಅವಳು ಆ ಒಂದು ಮಾತು ಆಡಿರಲಿಲ್ಲ. ರಾತ್ರಿ ಕಾವಲು ಪಾಳಿಯಲ್ಲಿ ಆಕಾಶದಲ್ಲಿ ಬೆಳಕು ಕಂಡರೆ, ಅದು ನಕ್ಷತ್ರವೋ ಕ್ಷಿಪಣಿಯೋ ಎಂದು ನೋಡುತ್ತಲೇ ನಿಂತುಬಿಡುತ್ತಾಳಂತೆ. ಹೋಗಬಾರದು ಎಂದೇನೂ ಇಲ್ಲ. ಭಯವಿಲ್ಲ ಎಂದು ಸೋಗು ಹಾಕಿ ಹೋಗುವುದು ಕಷ್ಟ ಎಂದಳು.

ತಾಯಿ ಫೋನನ್ನು ಭರಣಿಯಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಳು. 'ಅಂಗೇ ಏಳು ಮಗಾ ಅವರ್ಗೆ. ಬರ್ತೀನಿ, ಭಯ ಅದೆ, ಎರಡ್ನೂ ಏಳು. ಅದ್ರ ಮ್ಯಾಲೆ ನಿಂಗೆ ಎಂಗನ್ಸುತ್ತೋ ಅಂಗೆ ಮಾಡು. ನಾನು ಇನ್ನೊಂದ್ಸಲ ಹೂಂ ಅಂದಿವ್ನಿ ಅನ್ಕೊ.'

ಕಾನ್ವೆಂಟಿನಲ್ಲಿ ನಾನು ಎಷ್ಟೋ ಡಿಬೇಟ್ ಮಾಡಿದೆ, ಎಷ್ಟೋ ಕೇಳಿದೆ. ಡಿಕ್ಷನ್ನಿಗೆ ಇಷ್ಟು, ಪಾಯಿಂಟುಗಳಿಗೆ ಇಷ್ಟು ಎಂದು ಜಡ್ಜುಗಳು ಮಾರ್ಕು ಕೊಟ್ಟರು. ಯಾರದಾದರೂ ಮನಸ್ಸು ತಿರುಗಿತೇ ಎಂದು ಒಬ್ಬರೂ ಕೇಳಿದ್ದು ನೆನಪಿಲ್ಲ. ಸಿಸ್ಟರಿಗೆ ಇದನ್ನು ತೋರಿಸಬೇಕಿತ್ತು ಎಂದು ಅಂದು ಇಡೀ ದಿನ ನನಗೆ ಅನಿಸುತ್ತಿತ್ತು. ಅವರು ಈಗ ಯಾವ ಮಣ್ಣಿನಲ್ಲಿ ಮಲಗಿದ್ದಾರೋ, ಐರ್ಲೆಂಡಿಗೆ ಮರಳಿದರೋ, ನನಗೆ ತಿಳಿಯದು.

ಸಂಜೆ ಹುಡುಗಿ ಕ್ಯಾಪ್ಟನ್ನಿಗೆ ಹಾಗೆಯೇ ಹೇಳಿದಳಂತೆ, ಎಲ್ಲರ ಎದುರಿಗೆ, ಮೆಸ್ ರೂಮಿನಲ್ಲಿ. ಬರುತ್ತೇನೆ, ಆದರೆ ಭಯವಿದೆ. ಅವಳು ಕೂತ ಮೇಲೆ ಎಂಜಿನ್ ರೂಮಿನ ಒಬ್ಬ ಹಿರಿಯ ಎದ್ದು ತನ್ನದೂ ಅದೇ ಎಂದ. ಆಮೇಲೆ ಅಡುಗೆಯವನು. ಆಮೇಲೆ ಮೂವರು ನಾಲ್ವರು. ಒಬ್ಬೊಬ್ಬರೂ ಉಳಿದವರಿಗೆಲ್ಲ ಧೈರ್ಯವಿದೆ, ತನಗೊಬ್ಬನಿಗೇ ಇಲ್ಲ ಎಂದುಕೊಂಡು ಒಳಗೇ ಬೇಯುತ್ತಿದ್ದರಂತೆ. ಕ್ಯಾಪ್ಟನ್ ಎಲ್ಲ ಕೇಳಿಕೊಂಡು, ಸದ್ಯಕ್ಕೆ ಹಡಗು ಇಲ್ಲೇ ನಿಲ್ಲುವುದು ಲೇಸು ಎಂದು ಕಂಪನಿಗೆ ತಿಳಿಸಿದ. ಕಂಪನಿ ಒಪ್ಪಿತು. ಅವರಿಗೂ ಹಡಗಿನ ಮೇಲೆ ಆಸೆ ಇದ್ದೇ ಇರುತ್ತದಲ್ಲ. ಯಾರೂ ಇಳಿಯಲಿಲ್ಲ, ಯಾರೂ ಒಳಗೆ ಹೋಗಲಿಲ್ಲ. ಸುತ್ತಲೂ ಅಂಥವೇ ಬೇರೆ ಹಡಗುಗಳು, ಕಾದು ನಿಂತವು.

ಆ ಕೆಲವು ವಾರ ನಮ್ಮ ಬೀದಿಯೇ ಲಂಗರು ಹಾಕಿದಂತಿತ್ತು. ಟೈಲರಿನ ಮಷಿನ್ ಸದ್ದು ಕೇಳಿದರೆ ಎಲ್ಲ ಕ್ಷೇಮ, ನಿಂತಿದ್ದರೆ ಫೋನ್ ಬಂದಿದೆ ಎಂದರ್ಥ. ಅತ್ತಿಗೆ ಟಿವಿಯ ಮುಂದೆ ಕೂರುವುದೇನೂ ಬಿಡಲಿಲ್ಲ, ಆದರೆ ಈಗ ಅವರು ಬೇರೆಯದನ್ನು ಹುಡುಕುತ್ತಿದ್ದರು. ಎಲ್ಲೋ ಯಾರೋ ಮಾತುಕತೆಗೆ ಕೂತರೆಂದರೆ ಸದ್ದು ಜೋರು ಮಾಡಿ ನನ್ನನ್ನು ಕರೆಯುತ್ತಿದ್ದರು. ಮಾತು ಮುರಿದುಬಿತ್ತು ಎಂದರೆ, ಸೋಮವಾರ ಮುಂದುವರಿಸಲಿ ಬಿಡೇ ಎನ್ನುತ್ತಿದ್ದರು. ಈ ಮಾತು ನಾನು ಯಾವಾಗ ಅವರಿಗೆ ಹೇಳಿದ್ದೆನೋ. ನಮಗೊಂದು ಸಿಲಿಂಡರ್ ಬಂತು. ಖರ್ಜೂರ ಬರಲಿಲ್ಲ.

ಆಮೇಲೊಂದು ದಿನ ದಾಳಿಗಳು ನಿಂತವು ಎಂದರು. ಎಷ್ಟು ದಿನಕ್ಕೆ ಎಂದು ಯಾರೂ ಹೇಳಲಿಲ್ಲ. ಹಡಗುಗಳು ಒಂದರ ಹಿಂದೊಂದು, ಹಗಲು ಹೊತ್ತಿನಲ್ಲಿ, ಒಳಗೆ ಹೋಗತೊಡಗಿದವು. ಕ್ಯಾಪ್ಟನ್ ಮತ್ತೆ ಎಲ್ಲರನ್ನೂ ಕೇಳಿದ. ಈ ಸಲ ಹುಡುಗಿ ಬರುತ್ತೇನೆ ಎಂದಷ್ಟೇ ಹೇಳಿ, ತಾಯಿಗೂ ತಿಳಿಸಿದಳು. ದಾಟುವಾಗ ಫೋನ್ ಇರುವುದಿಲ್ಲ ಎಂದೂ ಹೇಳಿದಳು.

ಆ ದಿನ ನಾನು ಬೇಕೆಂದೇ ಎರಡು ರವಿಕೆ ಬಟ್ಟೆ ಹಿಡಿದು ಅವಳ ಅಂಗಡಿಗೆ ಹೋಗಿ ಕೂತೆ. ಅವಳು ಒಂದೇ ತೋಳನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು. ಆಟೊ ಸ್ಟ್ಯಾಂಡಿಗೆ ಹೋಗಬೇಕಾದ ಗಂಡ ಆಟೊವನ್ನು ಎದುರಿಗೇ ನಿಲ್ಲಿಸಿ, ಒರೆಸಿದ ಗಾಜನ್ನೇ ಒರೆಸುತ್ತಿದ್ದ. ಮಧ್ಯಾಹ್ನ ದಾಟಿ, ಶಾಲೆಯ ಮಕ್ಕಳು ಮನೆಗೆ ಹೋಗುವ ಹೊತ್ತಾಯಿತು.

ಫೋನ್ ಬಂದಾಗ ಅವಳು ಮಷಿನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿ, ಆಮೇಲೆ ಎತ್ತಿದಳು. ಸ್ಪೀಕರ್ ಹಾಕಿದಳು, ಗಂಡನಿಗೂ ಕೇಳಲೆಂದು. ದಾಟಿದೆವು ಅಮ್ಮ ಎಂದಳು ಹುಡುಗಿ. ಎಣ್ಣೆ ತುಂಬಿಸಿಕೊಂಡು ಇದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು, ಆದರೆ ಇವತ್ತಿನದು ಆಯಿತು. ಎಂಗಿತ್ತು ಎಂದು ಕೇಳಿದಳು ತಾಯಿ. ಬರಿಯ ಗುಡ್ಡಗಳು, ಒಂದು ಮರ ಇಲ್ಲ, ನೀರು ಮಾತ್ರ ನೀಲಿ ಶಾಯಿ ಚೆಲ್ಲಿದ ಹಾಗೆ ಎಂದಳು ಹುಡುಗಿ. ಹೇಳುತ್ತ ಹೇಳುತ್ತ ಅವಳ ಧ್ವನಿ ಬೇರೆಯಾಯಿತು. ಸಣ್ಣ ಸಣ್ಣ ದೋಣಿಗಳಲ್ಲಿ ಮೀನು ಹಿಡಿಯುವವರು ಕೂತಿದ್ದರು. ಯಾವ ದೇಶದವರೋ ತಿಳಿಯಲಿಲ್ಲ. ಅಷ್ಟು ದೊಡ್ಡ ಹಡಗು ಪಕ್ಕದಲ್ಲಿ ಹೋಗುವಾಗ ಬಲೆ ಬಿಟ್ಟು ಎದ್ದು ನಿಂತು ಕೈ ಬೀಸಿದರು.

'ನೀನೂ ಬೀಸ್ದಾ?' ಎಂದಳು ತಾಯಿ.

ಬೀಸಿದೆ, ನಾವೆಲ್ಲರೂ ಬೀಸಿದೆವು ಎಂದಳು ಹುಡುಗಿ.

ಟೈಲರ್ ಕಣ್ಣೊರೆಸಿಕೊಂಡು ಸೂಜಿಗೆ ದಾರ ಪೋಣಿಸತೊಡಗಿದಳು.

'ಬರೋವಾಗ್ಲೂ ಬೀಸು ಮಗಾ,' ಎಂದಳು.